ಎದೆಪಟ್ಟಿಯ ನಿಜ, ಸೂತ್ರದ ಸುಳ್ಳು

ಓಟಗಾರರ ಸಲಕರಣೆಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿಯನ್ನು. ಎಲ್ಲಕ್ಕಿಂತ ಕೆಟ್ಟದಾಗಿ ಬಳಕೆಯಾಗುತ್ತಿರುವುದೂ ಅದೇ. ಪಟ್ಟಿ ಅಳೆಯುವುದರಲ್ಲಿ ತಪ್ಪಿಲ್ಲ. ಅಳೆದ ಅಂಕಿಯನ್ನು ಯಾವುದರ ಪಕ್ಕದಲ್ಲಿಟ್ಟು ಓದುತ್ತೇವೆ ಎಂಬುದರಲ್ಲಿ ತಪ್ಪಿದೆ.

ಕೈಯಲ್ಲಿರುವ ವಾಚೇ ಬಡಿತ ತೋರಿಸುವಾಗ ಪಟ್ಟಿ ಯಾಕೆ ಎಂದು ಕೇಳುವವರಿದ್ದಾರೆ. ವಾಚು ಚರ್ಮದೊಳಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಉಕ್ಕಿ ಇಳಿಯುವಾಗ ಆ ಬೆಳಕು ಎಷ್ಟು ಮರಳುತ್ತದೆ ಎಂದು ನೋಡಿ ಬಡಿತವನ್ನು ಅಂದಾಜು ಮಾಡುತ್ತದೆ. ಕುಳಿತಾಗ, ಮಲಗಿದಾಗ ಇದು ಚೆನ್ನಾಗಿಯೇ ನಡೆಯುತ್ತದೆ. ಓಡುವಾಗ ಕೈ ಬೀಸುತ್ತದೆ, ವಾಚು ಅಲುಗುತ್ತದೆ, ಆ ಅಲುಗಾಟವೂ ಲೆಕ್ಕಕ್ಕೆ ಸೇರುತ್ತದೆ. ನಿಮಿಷಕ್ಕೆ 170 ಹೆಜ್ಜೆ ಇಡುವವರಿಗೆ ಬಡಿತವೂ 170 ಎಂದು ತೋರಿಸುವುದುಂಟು. ವಾಚು ಎಣಿಸಿದ್ದು ಪಾದವನ್ನು, ಹೃದಯವನ್ನಲ್ಲ. ಟ್ರ್ಯಾಕಿನಲ್ಲಿ 400 ಮೀಟರ್ ರಭಸದ ಸುತ್ತು ಹಾಕುವವರಿಗಂತೂ ಸುತ್ತು ಮುಗಿಯುವ ಹೊತ್ತಿಗೆ ಆಗಷ್ಟೇ ಅಂಕಿ ಏರತೊಡಗಿರುತ್ತದೆ. ಎದೆಪಟ್ಟಿ ಹೃದಯದ ವಿದ್ಯುತ್ ಮಿಡಿತವನ್ನೇ ನೇರವಾಗಿ ಹಿಡಿಯುತ್ತದೆ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ತಂತಿಯಿಲ್ಲದೆ ಕೈಗೆ ಬಡಿತ ಕಳಿಸುವ ಸಾಧನ ತಂದಾಗಿನಿಂದ ತತ್ತ್ವ ಇದೇ.

ಕೊಳ್ಳುವಾಗ ನೋಡಬೇಕಾದದ್ದು ಕಡಿಮೆ. ವಾಚಿಗೆ ಅಂಕಿ ಕಳಿಸಲು ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್ ಎರಡೂ ಇರಲಿ, ಬ್ಯಾಟರಿ ನಾವೇ ಬದಲಿಸುವಂತಿರಲಿ, ಬಟ್ಟೆಯ ಪಟ್ಟಿ ಬಿಡಿಯಾಗಿ ಸಿಗುತ್ತಿರಲಿ. ಮೊದಲು ಸೋಲುವುದು ಬಟ್ಟೆಯೇ. ಹೆಜ್ಜೆ ನೆಲದ ಮೇಲೆ ಎಷ್ಟು ಹೊತ್ತು ನಿಂತಿತು, ಮೈ ಎಷ್ಟು ಕುಪ್ಪಳಿಸಿತು ಎಂದೆಲ್ಲ ಹೇಳುವ ದುಬಾರಿ ಮಾದರಿಗಳಿಗೆ ಹೆಚ್ಚಿನವರು ಹಣ ಹಾಕಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಟ್ಟುವ ಮುಂಚೆ ಒಳಬದಿಯ ಎಲೆಕ್ಟ್ರೋಡ್‌ಗಳನ್ನು ನೀರಿನಲ್ಲಿ ಒದ್ದೆ ಮಾಡಲೇಬೇಕು. ಒಣ ಚರ್ಮಕ್ಕೆ ಒಣ ಪಟ್ಟಿ ಕಟ್ಟಿ ಹೊರಟರೆ ಮೊದಲ ಹತ್ತು ನಿಮಿಷ 200 ದಾಟಿದ ಹುಚ್ಚು ಅಂಕಿಗಳು ಬರಬಹುದು. ಒಣಹವೆಯಲ್ಲಿ ಪಾಲಿಯೆಸ್ಟರ್ ಅಂಗಿ ಬಡಿದಾಡಿ ಹುಟ್ಟುವ ಸ್ಥಿರ ವಿದ್ಯುತ್ತೂ ಇದಕ್ಕೆ ಕಾರಣವಾಗುತ್ತದೆ. ಉಜ್ಜಿ ಗಾಯವಾಗದಿರಲೆಂದು ವ್ಯಾಸಲೀನ್ ಹಚ್ಚುವವರು ಎಲೆಕ್ಟ್ರೋಡ್ ತಾಗುವ ಜಾಗವನ್ನು ಬಿಟ್ಟು ಹಚ್ಚಬೇಕು. ಓಟ ಮುಗಿದ ಮೇಲೆ ಗುಂಡಿ ಬಿಚ್ಚಿ ಬಡಿತ ಎಣಿಸುವ ಯಂತ್ರವನ್ನು ಬೇರ್ಪಡಿಸಿ, ಪಟ್ಟಿಯನ್ನು ನೀರಿನಲ್ಲಿ ಜಾಲಿಸಿ ಒಣಗಿಸಬೇಕು. ಜೋಡಿಸಿಯೇ ಇಟ್ಟರೆ ಬೆವರಿನ ತೇವದಿಂದ ಯಂತ್ರ ಎಚ್ಚರವಾಗಿಯೇ ಉಳಿದು ಬ್ಯಾಟರಿ ತಿನ್ನುತ್ತದೆ. ಹೆಂಗಸರ ಪಾಡು ಬೇರೆ. ಪಟ್ಟಿ ಕೂರಬೇಕಾದ ಜಾಗದಲ್ಲೇ ಸ್ಪೋರ್ಟ್ಸ್ ಬ್ರಾದ ಬಿಗಿ ಅಂಚು ಇರುತ್ತದೆ; ಎರಡು ಬಿಗಿ ಸೇರಿ ಚರ್ಮ ಸುಲಿಯುತ್ತದೆ. ಬ್ರಾಗೇ ಸಿಕ್ಕಿಸುವ ಮಾದರಿಗಳು ಬಂದಿವೆ, ಆದರೆ ಬಹುಕಾಲ ಈ ವಸ್ತುವನ್ನು ಗಂಡಸಿನ ಎದೆ ನೋಡಿಯೇ ಮಾಡಿದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇಷ್ಟು ಕಾಳಜಿಯಿಂದ ಪಡೆದ ಅಂಕಿಯನ್ನು ನಾವು ಏನು ಮಾಡುತ್ತೇವೆ? 220ರಿಂದ ವಯಸ್ಸು ಕಳೆದು ಬಂದದ್ದೇ ಗರಿಷ್ಠ ಬಡಿತ ಎಂದು ವಾಚಿಗೆ ಹೇಳಿಬಿಡುತ್ತೇವೆ, ಇಲ್ಲವೇ ವಾಚೇ ಹಾಗೆ ಅಂದುಕೊಳ್ಳುತ್ತದೆ. ಓಟ ಎಷ್ಟು ಸುಲಭ, ಎಷ್ಟು ಕಠಿಣ ಎಂದು ಬಡಿತದಿಂದ ವಿಂಗಡಿಸುವ ಝೋನ್ ಒಂದು, ಝೋನ್ ಎರಡು ಎಂಬ ಗೆರೆಗಳೆಲ್ಲ ಅದರಿಂದ ಹುಟ್ಟುತ್ತವೆ. ಈ 220ರ ಸೂತ್ರ 1970ರ ದಶಕದ ಆರಂಭದಲ್ಲಿ ಸಂಶೋಧಕರಾದ ಸ್ಯಾಮ್ಯುಯೆಲ್ ಫಾಕ್ಸ್, ವಿಲಿಯಂ ಹ್ಯಾಸ್ಕೆಲ್ ಮತ್ತವರ ಸಂಗಡಿಗರು ಅದುವರೆಗಿನ ಅಧ್ಯಯನಗಳ ಅಂಕಿಗಳನ್ನು ಗುಡ್ಡೆ ಹಾಕಿ ಎಳೆದ ಅಂದಾಜು ಗೆರೆ. ಓಟಗಾರರ ತರಬೇತಿಗೆ ಕಟ್ಟಳೆಯಾಗಲೆಂದು ಎಳೆದದ್ದಲ್ಲ. 2001ರಲ್ಲಿ ಸಂಶೋಧಕ ತನಾಕಾ ಅವರ ತಂಡ ಇನ್ನೊಂದು ಸೂತ್ರ ಕೊಟ್ಟಿತು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು. ನಲವತ್ತರ ವಯಸ್ಸಿಗೆ ಎರಡೂ 180 ಎನ್ನುತ್ತವೆ. ಅರವತ್ತಕ್ಕೆ ಹಳೆಯದು 160, ಹೊಸದು 166. ಆದರೆ ಹೊಸ ಸೂತ್ರವೂ ಸರಾಸರಿಯನ್ನಷ್ಟೇ ಬಲ್ಲದು. ನಲವತ್ತರ ಒಬ್ಬರ ಗರಿಷ್ಠ 168 ಇರಬಹುದು, ಪಕ್ಕದಲ್ಲಿ ಓಡುವವರದು 192 ಇರಬಹುದು, ಇಬ್ಬರೂ ಆರೋಗ್ಯವಾಗಿರಬಹುದು. 192ರವರು ಸೂತ್ರದ ಮಾತು ಕೇಳಿ ಸುಲಭದ ಓಟವನ್ನೂ ನಡಿಗೆಗೆ ಇಳಿಸುತ್ತಾರೆ. 168ರವರು ಸುಲಭವೆಂದುಕೊಂಡು ದಿನವೂ ದಣಿಯುತ್ತಾರೆ. ಒಂದು ಬಡಿತವೂ ತಪ್ಪದಂತೆ ಎಣಿಸುವ ಯಂತ್ರವನ್ನು, ಹತ್ತು ಹನ್ನೆರಡು ಬಡಿತ ಆಚೀಚೆ ಹೋಗುವ ಅಳತೆಗೋಲಿಗೆ ಕಟ್ಟಿಹಾಕುವುದು ನನಗೆ ಸಹಿಸಲಾಗದ ವ್ಯರ್ಥ ಕೆಲಸ.

ಇದಕ್ಕೆ ದಾರಿಯಿದೆ. ತರಬೇತುದಾರ ಜೋ ಫ್ರೀಲ್ ಹೇಳುವ ಪರೀಕ್ಷೆಯಲ್ಲಿ, ಚೆನ್ನಾಗಿ ಮೈ ಬಿಸಿ ಮಾಡಿಕೊಂಡು ಒಬ್ಬರೇ 30 ನಿಮಿಷ ಸ್ಪರ್ಧೆಯ ಹುರುಪಿನಲ್ಲಿ ಓಡಬೇಕು. ಕೊನೆಯ 20 ನಿಮಿಷದ ಸರಾಸರಿ ಬಡಿತದ ಮೇಲೆ ಝೋನ್‌ಗಳನ್ನು ಕಟ್ಟಬೇಕು. ಹೊಸಬರಿಗೆ, ಹೃದಯದ ತೊಂದರೆ ಇರುವವರಿಗೆ ಇದು ಬೇಡ. ಅವರಿಗೆ ಮಾತೇ ಸಾಕು: ಪೂರ್ತಿ ವಾಕ್ಯ ಆಡುತ್ತ ಓಡಲು ಬಂದರೆ ಅದು ಸುಲಭದ ಓಟ, ಆಗ ಪಟ್ಟಿ ತೋರುವ ಅಂಕಿಯೇ ಅವರ ಗಡಿ. ಆ ಗಡಿಯೊಳಗೆ ಓಡಬಹುದಾದ ವೇಗ ಹವೆಗೆ ತಕ್ಕಂತೆ ಬದಲಾಗುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಡಿಸೆಂಬರಿನ ಬೆಳಗ್ಗೆ 140ರಲ್ಲಿ ಓಡಿದ ವೇಗವನ್ನೇ ಏಪ್ರಿಲಿನ ಮಂಗಳೂರಿನಲ್ಲಿ ಓಡಿದರೆ ಬಡಿತ ಏರುತ್ತಲೇ ಹೋಗುತ್ತದೆ. ಮೈ ತಣಿಸಲು ರಕ್ತ ಚರ್ಮದತ್ತ ಹರಿಯುತ್ತದೆ, ಬೆವರಿ ರಕ್ತದ ಪ್ರಮಾಣ ಕುಗ್ಗುತ್ತದೆ, ಹೃದಯ ಆ ಕೊರತೆಯನ್ನು ಹೆಚ್ಚು ಬಡಿತದಿಂದ ತುಂಬಿಕೊಡುತ್ತದೆ. ಆಗ ನಂಬಬೇಕಾದದ್ದು ಪಟ್ಟಿಯನ್ನು, ವೇಗವನ್ನಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. ಆ ಭಯ ನಮ್ಮಲ್ಲಿ ಇನ್ನೂ ಇದೆ, ಅದಕ್ಕಾಗಿಯೇ ಪಟ್ಟಿ ಕೊಳ್ಳುವವರೂ ಇದ್ದಾರೆ. ಅವರಿಗೆ ಸ್ಪಷ್ಟವಾಗಿ ಹೇಳಬೇಕು: ಪಟ್ಟಿ ಬಡಿತ ಎಣಿಸುತ್ತದೆ, ರಕ್ತನಾಳ ಕಟ್ಟಿದೆಯೇ ಎಂದು ಹೇಳುವುದಿಲ್ಲ. ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋಯತೊಡಗಿದರೆ, ತಲೆ ಸುತ್ತಿದರೆ, ಅಂಕಿ ಎಷ್ಟೇ ಸರಿಯಾಗಿರಲಿ, ಓಟ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.