ಪಹಣಿಯಲ್ಲಿ ಹೆಸರಿಲ್ಲದವರ ಲೆಕ್ಕ

ಸೋಲಾರ್, ಗಾಳಿ ವಿದ್ಯುತ್ ಬಗ್ಗೆ ಮಾತು ಶುರುವಾದರೆ ಸಾಮಾನ್ಯವಾಗಿ ಎರಡು ಗುಂಪು ಕಾಣಿಸುತ್ತೆ. ಒಂದು ಗುಂಪು "ಸೂರ್ಯ ಬಿಲ್ ಕಳಿಸಲ್ಲ, ಎಲ್ಲ ಪುಕ್ಕಟೆ" ಅನ್ನುತ್ತೆ. ಇನ್ನೊಂದು "ಅದೆಲ್ಲ ಮೋಸ" ಅನ್ನುತ್ತೆ. ಎರಡನೇ ಗುಂಪಿನವರು ನಿಮಗೆ 'ಪ್ಲಾನೆಟ್ ಆಫ್ ದಿ ಹ್ಯೂಮನ್ಸ್' ಸಾಕ್ಷ್ಯಚಿತ್ರದ ಲಿಂಕ್ ಕಳಿಸಿರಬಹುದು. ಜೆಫ್ ಗಿಬ್ಸ್ ನಿರ್ದೇಶಿಸಿ, ಮೈಕಲ್ ಮೂರ್ ಕಾರ್ಯಕಾರಿ ನಿರ್ಮಾಪಕರಾಗಿದ್ದ ಈ ಚಿತ್ರ 2020ರ ಏಪ್ರಿಲ್‌ನಲ್ಲಿ ಯೂಟ್ಯೂಬ್‌ಗೆ ಬಂತು.

ಚಿತ್ರದಲ್ಲಿ ಒಳ್ಳೆಯ ಅಂಶಗಳಿವೆ. ಹಸಿರು ಅನ್ನೋ ಹೆಸರಲ್ಲಿ ಮರ ಕಡಿದು ಸುಡುವುದನ್ನು ಅದು ನೇರವಾಗಿ ತೋರಿಸುತ್ತೆ. ಕ್ಯಾಲಿಫೋರ್ನಿಯಾದ ಇವಾನ್ಪಾ ಸೌರ ಸ್ಥಾವರಕ್ಕೆ ನೈಸರ್ಗಿಕ ಅನಿಲವೂ ಬೇಕು ಅನ್ನೋದು ನಿಜ. ಆದರೆ ಅದರ ಡೇಟಾ ಹಳೇದು. ಅಲ್ಲಿ ತೋರಿಸುವ ಮಿಶಿಗನ್‌ನ ಪ್ಯಾನೆಲ್‌ಗಳ ದಕ್ಷತೆ ಶೇ 8ರ ಆಸುಪಾಸು. ಇವತ್ತು ಅಂಗಡಿಯಲ್ಲಿ ಸಿಗುವ ಪ್ಯಾನೆಲ್‌ಗಳದ್ದು ಶೇ 20 ದಾಟಿದೆ. ಅಷ್ಟು ಹಿಂದಿನ ಉದಾಹರಣೆ ಹಿಡಿದು ಇಡೀ ತಂತ್ರಜ್ಞಾನಕ್ಕೆ ತೀರ್ಪು ಕೊಡೋದು ಸರಿಯಲ್ಲ.

ನನ್ನ ದೊಡ್ಡ ತಕರಾರು ಬೇರೆ. ಚಿತ್ರ ಬೆಲೆ ಎಷ್ಟು ಅಂತ ಕೇಳುತ್ತೆ, ಅದನ್ನು ಯಾರು ತೆರುತ್ತಾರೆ ಅಂತ ಸರಿಯಾಗಿ ಕೇಳಲ್ಲ. ಕೊನೆಗೆ "ಭೂಮಿ ಮೇಲೆ ಜನ ಜಾಸ್ತಿ" ಅನ್ನೋ ಕಡೆ ಜಾರುತ್ತೆ. ಎಲ್ಲರೂ ಹೊಣೆ ಅಂದುಬಿಟ್ಟರೆ ಯಾರೊಬ್ಬರೂ ಹೊಣೆಯಾಗುವುದಿಲ್ಲ, ಅಲ್ವಾ?

ಇದೇ ಪ್ರಶ್ನೆಯನ್ನು ತುಮಕೂರು ಜಿಲ್ಲೆಯ ಪಾವಗಡಕ್ಕೆ ಕೇಳಿ ನೋಡೋಣ. ಮಳೆ ಕಮ್ಮಿ, ಶೇಂಗಾ ಬೆಳೆಯುತ್ತಿದ್ದ ಬಯಲು. ಅಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ. 28 ವರ್ಷಕ್ಕೆ ಗುತ್ತಿಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಗಾಲದಲ್ಲಿ ಸಾಲ ಮಾಡಿ ಬಿತ್ತಿದ ರೈತನಿಗೆ ಇದು ಸಣ್ಣ ಮಾತಲ್ಲ. ಭೂಸ್ವಾಧೀನಕ್ಕಿಂತ ಎಷ್ಟೋ ಒಳ್ಳೆಯ ಮಾದರಿ ಅಂತ ಹೊಗಳಿಕೆಯೂ ಸಿಕ್ಕಿದೆ.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಈ ದರದಲ್ಲಿ 27ನೇ ವರ್ಷ ಎಕರೆಗೆ ಸುಮಾರು 39,600 ರೂಪಾಯಿ ಬರುತ್ತೆ. ಆದರೆ ಬೆಲೆಗಳು ರಿಸರ್ವ್ ಬ್ಯಾಂಕಿನ ಗುರಿಯಂತೆ ವರ್ಷಕ್ಕೆ ಶೇ 4ರಷ್ಟೇ ಏರಿದರೂ, ಆ ದುಡ್ಡಿಗೆ ಮೊದಲ ವರ್ಷದ ಸುಮಾರು 14,300 ರೂಪಾಯಿಯ ಸಾಮಾನು ಮಾತ್ರ ಸಿಗುತ್ತೆ. ಅಂದರೆ ಗುತ್ತಿಗೆಯ ನಿಜವಾದ ಬೆಲೆಯಲ್ಲಿ ಮೂರನೇ ಒಂದು ಪಾಲು ಕರಗಿಹೋಗುತ್ತೆ.

ಇದು ಜಮೀನು ಇದ್ದವರ ಕಥೆ. ಡೇಟಾ ಕೆಲಸದಲ್ಲಿ ನಾವು ಮೊದಲು ನೋಡೋದು, ಟೇಬಲ್ಲಿನ ಒಂದೊಂದು ಸಾಲು ಯಾವುದನ್ನು ಎಣಿಸುತ್ತೆ ಅಂತ. ಪಾವಗಡದ ಟೇಬಲ್ಲಿನಲ್ಲಿ ಒಂದು ಸಾಲು ಅಂದರೆ ಎಕರೆ, ಮನುಷ್ಯ ಅಲ್ಲ. ದುಡ್ಡು ಹೋಗೋದು ಪಹಣಿ ನೋಡಿ. ಪಹಣಿ ಅಂದರೆ ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಕಾಗದ. ಹತ್ತು ಎಕರೆ ಇದ್ದವರಿಗೆ ಹತ್ತು ಪಾಲು. ಅದೇ ಹೊಲದಲ್ಲಿ ಕಳೆ ಕಿತ್ತು ಕೂಲಿ ಪಡೆಯುತ್ತಿದ್ದ ಹೆಂಗಸಿಗೆ, ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಸೊನ್ನೆ. ಬೇಲಿ ಒಳಗೆ ಸಿಗುವ ಕೆಲಸ ಅಂದರೆ ಪ್ಯಾನೆಲ್ ತೊಳೆಯೋದು, ಹುಲ್ಲು ಕತ್ತರಿಸೋದು, ಕಾವಲು. ಇಂಥ ಕೆಲಸ ಇಡೀ ಊರಿನ ಕೂಲಿಯವರಿಗೆ ಸಾಲಲ್ಲ.

ಹಾಗಂತ ಕಲ್ಲಿದ್ದಲಿಗೆ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಹಾರುಬೂದಿಗೂ ಬೆಲೆ ತೆರುವವರಿದ್ದಾರೆ. ಪಾವಗಡದಲ್ಲಿ ಕೆಟ್ಟಿರೋದು ಪ್ಯಾನೆಲ್ ಅಲ್ಲ, ಒಪ್ಪಂದ. ಒಪ್ಪಂದವನ್ನು ತಿದ್ದಬಹುದು: ಬಾಡಿಗೆಯನ್ನು ಬೆಲೆ ಏರಿಕೆಗೆ ಜೋಡಿಸಬಹುದು, ಪ್ರತಿ ಯೂನಿಟ್‌ನಿಂದ ಒಂದಿಷ್ಟು ಪೈಸೆಯನ್ನು ಜಮೀನಿಲ್ಲದ ಮನೆಗಳಿಗೆ ಕೊಡಬಹುದು, ಪ್ಯಾನೆಲ್ ಕೆಳಗೆ ಕುರಿ ಬಿಡಬಹುದು. ಅಮೆರಿಕದಲ್ಲಿ, ಜರ್ಮನಿಯಲ್ಲಿ ಸೋಲಾರ್ ಹೊಲಗಳಲ್ಲಿ ಕುರಿ ಮೇಯುವುದನ್ನು ನಿಮ್ಮಲ್ಲಿ ಕೆಲವರು ನೋಡಿಯೇ ಇರುತ್ತೀರಿ.

ಹಾಗಾಗಿ ಮುಂದಿನ ಸಲ ಯಾರಾದರೂ ನಿಮಗೆ ಮೆಗಾವಾಟ್‌ಗಳ ಚಾರ್ಟ್ ಕಳಿಸಿದರೆ, ಹೊಗಳೋ ಮೊದಲು, ಬೈಯೋ ಮೊದಲು ಒಂದು ಮಾತು ಕೇಳಿ: "ಇದರಲ್ಲಿ ಪಹಣಿ ಇಲ್ಲದವರ ಸಾಲು ಎಲ್ಲಿದೆ?"