‘ಒಂದು ಜಾತಿಯ ಹೂ’ ಎಂದರೆ ಸಾಕೆ?
(ಹಳೆಯ ಕನ್ನಡ ಕಾವ್ಯಗಳಲ್ಲಿ ಗಿಡಮರ)

ಹಳಗನ್ನಡ ಕಾವ್ಯಗಳ ಕೊನೆಯಲ್ಲಿ ಅಚ್ಚಾಗಿರುವ ಶಬ್ದಾರ್ಥಗಳನ್ನು ತಿರುವಿ ಹಾಕಿದವರಿಗೆ ಈ ಅನುಭವ ಹೊಸದೇನಲ್ಲ. ಪಾದರಿ ಎಂದರೇನು? ‘ಒಂದು ಬಗೆಯ ಮರ’. ಇರುವಂತಿಗೆ ಎಂದರೇನು? ‘ಒಂದು ಜಾತಿಯ ಹೂ’. ಸುರಗಿ? ಅದೂ ಒಂದು ಜಾತಿಯ ಹೂವೇ. ಅರ್ಥ ತಿಳಿಯಿತೆಂದುಕೊಂಡು ಓದುಗ ಮುಂದಕ್ಕೆ ಹೋಗುತ್ತಾನೆ. ಆದರೆ ತಿಳಿದದ್ದು ಏನು? ಆ ಹೂವಿನ ಬಣ್ಣವೆ, ಕಂಪೆ, ಅರಳುವ ಹೊತ್ತೆ? ಯಾವುದೂ ಅಲ್ಲ. ಎಲ್ಲ ಹೂಗಳೂ ‘ಒಂದು ಜಾತಿಯ ಹೂ’ ಆದಮೇಲೆ ಕವಿ ಅವುಗಳಲ್ಲಿ ಒಂದನ್ನೇ ಆರಿಸಿಕೊಂಡದ್ದಕ್ಕೆ ಬೆಲೆ ಎಲ್ಲಿ ಉಳಿಯಿತು? ಗಿಡ ಗೊತ್ತಿಲ್ಲದೆ ಹೆಸರನ್ನಷ್ಟೇ ಓದುವುದರಿಂದ ನಮ್ಮ ಕಾವ್ಯದ ಒಂದು ದೊಡ್ಡ ಭಾಗ ನಮಗೆ ದಕ್ಕದೆ ಹೋಗಿದೆ ಎಂಬುದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಚೀನೀಯರನ್ನು ನೋಡಿ ನಾವು ಕಲಿಯುವುದಿದೆ. ಅವರ ಅತಿ ಪ್ರಾಚೀನ ಪದ್ಯಸಂಗ್ರಹದಲ್ಲಿ 305 ಹಾಡುಗಳಿವೆ. ಅವನ್ನು ಓದಿದರೆ ಆಗುವ ಲಾಭಗಳನ್ನು ಶಿಷ್ಯರಿಗೆ ಹೇಳುತ್ತ ಕನ್‌ಫ್ಯೂಷಿಯಸ್, ಹಕ್ಕಿ, ಮೃಗ, ಗಿಡಮರಗಳ ಹೆಸರು ತಿಳಿಯುವುದನ್ನೂ ಒಂದು ಲಾಭವೆಂದು ಎಣಿಸಿದ. ಕ್ರಿ.ಶ. 3ನೆಯ ಶತಮಾನದಲ್ಲಿ ಲು ಜಿ ಎಂಬ ಪಂಡಿತ ಆ ಹಾಡುಗಳಲ್ಲಿ ಬರುವ ಸಸ್ಯಗಳು ಮತ್ತು ಪ್ರಾಣಿಗಳಿಗೆಂದೇ ಒಂದು ವ್ಯಾಖ್ಯಾನ ಬರೆದ. ಗಿಡ ಹೇಗಿರುತ್ತದೆ, ಯಾವ ಸೀಮೆಯಲ್ಲಿ ಅದಕ್ಕೆ ಏನೆನ್ನುತ್ತಾರೆ, ತಿನ್ನಲು ಬರುತ್ತದೆಯೆ ಎಂಬಂಥ ವಿವರಗಳು ಅದರಲ್ಲಿವೆ. ಕಾವ್ಯವ್ಯಾಖ್ಯಾನವೆಂದರೆ ಅಲಂಕಾರ, ಛಂದಸ್ಸುಗಳ ಚರ್ಚೆಯಷ್ಟೇ ಅಲ್ಲ, ಗಿಡದ ಬುಡಕ್ಕೂ ಹೋಗಿ ನಿಲ್ಲಬೇಕೆಂದು ಅವನು ತಿಳಿದಿದ್ದ.

ನಮ್ಮ ಕಾವ್ಯದಲ್ಲಿ ಇಂಥ ವ್ಯಾಖ್ಯಾನಕ್ಕೆ ಸಾಮಗ್ರಿ ಇಲ್ಲವೆ? ಪಂಪನಿಂದಲೇ ಪ್ರಾರಂಭಿಸೋಣ. ಹೈದರಾಬಾದಿನ ಕನ್ನಡಿಗರಿಗೆ ಪಂಪ ನೆರೆಯವನೇ. ಅವನ ಆಶ್ರಯದಾತ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಲ್ಲಿಂದ ಸುಮಾರು 150 ಕಿಲೋಮೀಟರ್ ದೂರ. ಪಂಪನ ತಮ್ಮ ಜಿನವಲ್ಲಭ ಹಾಕಿಸಿದ ಶಾಸನ ಕರೀಂನಗರ ಸೀಮೆಯ ಕುರ್ಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲಿದೆ. ಕನ್ನಡ, ತೆಲುಗು, ಸಂಸ್ಕೃತ ಮೂರೂ ಅದರಲ್ಲಿ ಒಟ್ಟಿಗಿವೆ. ತೆಲುಗು ನಾಡಿನ ಅರಸನ ಆಸ್ಥಾನಕವಿಯಾದ ಇವನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದಾಗ ಕಥೆಯನ್ನು ಅರೆಗಳಿಗೆ ನಿಲ್ಲಿಸಿ ಆ ನಾಡನ್ನು ನೆನೆಯುತ್ತಾನೆ. ಆ ಪದ್ಯಗಳು ನಮ್ಮಲ್ಲಿ ಅನೇಕರಿಗೆ ಬಾಯಿಪಾಠ.

ಆದರೆ ಅಲ್ಲಿ ಯಾವ ಯಾವ ಗಿಡಗಳಿವೆ ಎಂದು ಎಣಿಸಿದವರು ಕಡಿಮೆ. ಮಾವು, ಎಲೆಬಳ್ಳಿ, ಜಾಜಿ, ಸಂಪಿಗೆ, ಮುಂದೆ ಮಲ್ಲಿಗೆ. ಮಾವು, ಮಲ್ಲಿಗೆಗಳು ಯಾವ ಕವಿಯಲ್ಲಾದರೂ ಬಂದಾವು. ನಮ್ಮ ಕಣ್ಣು ನಿಲ್ಲುವುದು ಎಲೆಬಳ್ಳಿಯ ಮೇಲೆ. ವೀಳ್ಯದೆಲೆಯ ಬಳ್ಳಿ ಎಲ್ಲೆಂದರಲ್ಲಿ ತಾನಾಗಿ ಹಬ್ಬುವಂಥದಲ್ಲ. ಅದಕ್ಕೆ ನೆರಳು ಬೇಕು, ಬುಡದಲ್ಲಿ ತೇವ ಆರಬಾರದು, ಹಬ್ಬಲು ಅಡಕೆ ಮರದಂಥ ಆಸರೆ ಬೇಕು, ದಿನವೂ ನೋಡಿಕೊಳ್ಳುವ ಕೈ ಬೇಕು. ಆ ಒಂದು ಬಳ್ಳಿಯ ಹೆಸರು ಹೇಳಿದೊಡನೆ ವರದಾ ನದಿಯ ಬಯಲಿನ ತೋಟಗಳೂ ಅವನ್ನು ಸಾಕಿದ ಜನರೂ ನಮ್ಮ ಮುಂದೆ ನಿಲ್ಲುತ್ತಾರೆ. ಮರುಜನ್ಮದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಅಲ್ಲಿ ಹುಟ್ಟಬೇಕೆಂದು ಅವನು ಬಯಸಿದ್ದರಲ್ಲಿ ಒಂದು ಲೆಕ್ಕಾಚಾರವೂ ಇದೆ. ದುಂಬಿಗೆ ಹೂವಿದೆ, ಕೋಗಿಲೆಗೆ ಮಾವಿದೆ; ಇಬ್ಬರ ಊಟವನ್ನೂ ಕವಿ ಮೊದಲೇ ಅಣಿಮಾಡಿದ್ದಾನೆ.

ಹಾಗೆಂದು ನಮ್ಮ ಹಳೆಯ ಕವಿಗಳೆಲ್ಲ ಗಿಡಮರಗಳನ್ನು ಕಣ್ಣಾರೆ ಕಂಡೇ ಬರೆದರೆಂದು ಹೊಗಳಹೊರಟರೆ ಅದು ಅಭಿಮಾನವಾದೀತು, ವಿಮರ್ಶೆಯಾಗದು. ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಇರಬೇಕೆಂಬ ಕಟ್ಟಳೆಯಲ್ಲಿ ವನವಿಹಾರವೂ ಒಂದು. ಈ ಕಟ್ಟಳೆಗಾಗಿ ಬರೆದ ಎಷ್ಟೋ ಉದ್ಯಾನವರ್ಣನೆಗಳಲ್ಲಿ ಮಣ್ಣು, ಋತು ಯಾವುದನ್ನೂ ಲೆಕ್ಕಿಸದೆ ಚಂದನ, ತಮಾಲ, ತೆಂಗು, ಅಶೋಕಗಳು ಒಂದೇ ಸಾಲಿನಲ್ಲಿ ನಿಂತಿವೆ. ಪ್ರಾಸಕ್ಕೆ ಬೇಕಾದ ಮರ ಪದ್ಯದಲ್ಲಿ ಬೆಳೆಯುತ್ತದೆ! ಇಂಥ ಕಡೆ ‘ಒಂದು ಬಗೆಯ ಮರ’ ಎಂದು ಬರೆದ ಸಂಪಾದಕರನ್ನು ನಾವು ದೂರಲಾರೆವು. ಕವಿಗೂ ಅದು ಅಷ್ಟೇ ಆಗಿತ್ತು.

ಆದರೂ ಕವಿಸಮಯಗಳನ್ನು ಒಮ್ಮೆಗೇ ತಳ್ಳಿಹಾಕುವಂತಿಲ್ಲ. ಸುಂದರಿಯ ಕಾಲಿನ ಒದೆತದಿಂದ ಅಶೋಕ ಹೂಬಿಡುತ್ತದೆ ಎಂಬುದು ಪ್ರಸಿದ್ಧವಾದ ಕಲ್ಪನೆ. ಈಗ ನಮ್ಮ ನಗರದ ಅಪಾರ್ಟ್‌ಮೆಂಟುಗಳ ಕಾಂಪೌಂಡಿನಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನು ಎಲ್ಲರೂ ಅಶೋಕವೆನ್ನುತ್ತಾರೆ. ಅದರ ಹೂ ಎಲೆಗಳ ನಡುವೆ ಕಣ್ಣಿಗೂ ಬೀಳದ ತಿಳಿಹಸಿರು. ಕಾವ್ಯದ ಅಶೋಕ, ಹಳಗನ್ನಡದ ಅಸುಗೆ, ಬೇರೆಯೇ ಮರ. ಅದರ ಕೊಂಬೆಗಳ ಮೇಲೆ ಕಿತ್ತಳೆ, ಕೆಂಪು ಬಣ್ಣದ ಹೂಗೊಂಚಲುಗಳು ಒತ್ತಾಗಿ ಬರುತ್ತವೆ. ಆ ಕೆಂಪನ್ನು ಕಂಡವನಿಗೆ ಅಲತಿಗೆ ಹಚ್ಚಿದ ಪಾದದ ನೆನಪು ಏಕೆ ಬಂತೆಂದು ಹೇಳಬೇಕಾಗಿಲ್ಲ. ಕಾಂಪೌಂಡಿನ ಮರವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದ ಹುಡುಗನಿಗಾದರೋ ಕವಿ ಸುಳ್ಳುಗಾರನಾಗಿ ಕಾಣುತ್ತಾನೆ.

ಕಟ್ಟಳೆಯನ್ನು ಬಿಟ್ಟು ತೋಟಕ್ಕೇ ಇಳಿದ ಕವಿ ಹಂಪೆಯ ಹರಿಹರ. ಅವನ ‘ಪುಷ್ಪರಗಳೆ’ಯಲ್ಲಿ ಹೂಗಳು ನಾಯಕಿಯ ಮುಖಕ್ಕೋ ನಗೆಗೋ ಉಪಮಾನವಾಗಲು ಕಾದು ಕುಳಿತಿಲ್ಲ. ವಿರೂಪಾಕ್ಷನ ಪೂಜೆಗೆ ಹೂ ಕೊಯ್ಯುವುದು, ಕಟ್ಟುವುದು, ಏರಿಸುವುದು ಇವೇ ಅಲ್ಲಿನ ವಸ್ತು. ಕೈಯಲ್ಲಿ ಬುಟ್ಟಿ ಹಿಡಿದವನಿಗೆ ಹೂಗಳೆಲ್ಲ ಒಂದೇ ಆಗಲಾರವು. ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಬಿಡಿಸಬೇಕು. ಎತ್ತರದ ಸಂಪಿಗೆಗೆ ದೋಟಿ ಬೇಕು. ಕೇದಗೆಗೆ ಕೈ ಹಾಕಿದರೆ ಮುಳ್ಳು. ಕೆಲಸದಿಂದ ಬಂದ ತಿಳಿವು ಭಕ್ತಿಗೆ ಅಡ್ಡಿಯಾಗಲಿಲ್ಲ, ಅದನ್ನು ನಿಜಮಾಡಿತು.

ಅಕ್ಕಮಹಾದೇವಿಯದು ಇನ್ನೂ ಬೇರೆ ದಾರಿ. ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲದ ಕದಳಿಗೆ ನಡೆದ ಆಕೆಯೂ ತೆಲುಗು ನಾಡಿಗೆ ಬಂದ ಕನ್ನಡತಿಯೇ. ತನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಆಕೆ ದುಂಬಿಯನ್ನು, ಮಾಮರವನ್ನು, ಕೋಗಿಲೆಯನ್ನು ಕೇಳುತ್ತಾಳೆ. ಹೆಸರಿನಲ್ಲೇ ಮಲ್ಲಿಕೆಯಿರುವ ದೇವರನ್ನು ಮರದ ಬಳಿ ವಿಚಾರಿಸುವುದು ನ್ಯಾಯವೇ. ಪರಊರಿನಲ್ಲಿ ಗುರುತಿನವರು ಯಾರೂ ಇಲ್ಲದಾಗ ಗುರುತಿನ ಮರವೇ ಬಂಧುವಾಗುತ್ತದೆ ಎಂಬುದನ್ನು ಊರು ಬಿಟ್ಟು ಬಂದ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಸಸ್ಯಶಾಸ್ತ್ರ ಕಾವ್ಯಕ್ಕೆ ಹೊರಗಿನದೆಂಬ ಭಾವನೆಯೂ ಸರಿಯಲ್ಲ. 1025ರ ಸುಮಾರಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ, ಸುಗಂಧದ್ರವ್ಯಗಳಿಗೂ, ಅಡುಗೆಗೂ ಸ್ಥಾನವಿದೆ, ಅದು ಪದ್ಯದಲ್ಲಿದೆ. 2006ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಹೊರತಂದದ್ದು ನಮ್ಮ ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್. ಈಚಿನವರಲ್ಲಿ ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಯಾಗಿದ್ದುಕೊಂಡೇ ‘ಹಸುರು ಹೊನ್ನು’ ಬರೆದು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಲು ಜಿಯ ಕೆಲಸವನ್ನು ಕನ್ನಡದಲ್ಲಿ ಮಾಡಬಲ್ಲವರಿಗೆ ದಾರಿ ತೆರೆದೇ ಇದೆ.

ಆ ದೊಡ್ಡ ಕೆಲಸ ವಿದ್ವಾಂಸರದು. ಸಣ್ಣ ಪಾಲೊಂದು ನಮ್ಮದೂ ಇದೆ. ನಮ್ಮ ಮಕ್ಕಳು ಬೆಳೆಯುತ್ತಿರುವುದು ತೆಲುಗಿನ ನಡುವೆ. ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಯಲ್ಲಿ ಅವರಿಗೆ ಮಲ್ಲೆ ಗೊತ್ತು, ಸಂಪೆಂಗ ಗೊತ್ತು. ಫಾಲ್ಗುಣದಲ್ಲಿ ಊರಾಚೆ ಎಲೆಯುದುರಿ ಕೆಂಡದಂತೆ ನಿಲ್ಲುವ ಮೋದುಗ ಗೊತ್ತು. ಮಲ್ಲೆ ನಮ್ಮ ಮಲ್ಲಿಗೆ, ಮೋದುಗ ನಮ್ಮ ಮುತ್ತುಗ, ಕಾವ್ಯದ ಕಿಂಶುಕ. ಪೊಗಡ ನಮ್ಮ ರೆಂಜೆ, ಕಾವ್ಯದ ಬಕುಳ. ಮೊಗಲಿ ನಮ್ಮ ಕೇದಗೆ. ತೆಲುಗು ಕವಯಿತ್ರಿ ಮೊಲ್ಲೆಯ ಹೆಸರೂ ಮಲ್ಲಿಗೆಯ ಜಾತಿಯ ಹೂವಿನದೇ. ಆ ಹೆಸರು ಕನ್ನಡದಲ್ಲಿಯೂ ಉಂಟು. ಗಿಡ ಕಣ್ಣೆದುರಿಗಿದೆ, ಕಾವ್ಯ ಕಪಾಟಿನಲ್ಲಿದೆ. ನಡುವೆ ಕಡಿದುಹೋಗಿರುವುದು ಕನ್ನಡದ ಹೆಸರೊಂದೇ. ಅದನ್ನು ಸೇರಿಸಿಕೊಡುವುದು ಮನೆಯ ಹಿರಿಯರಿಂದ ಆಗುವ ಕೆಲಸ. ಅಜ್ಜಿಯೊಬ್ಬರು ಹೂ ಕಟ್ಟುತ್ತ ಮೊಮ್ಮಗಳಿಗೆ ‘ಇದು ಇರುವಂತಿಗೆ’ ಎಂದು ತೋರಿಸಿಕೊಟ್ಟರೆ ಶಬ್ದಕೋಶದ ಒಂದು ಸಾಲು ತಿದ್ದಿದಂತಾಯಿತು.