ಒಬ್ಬ ಗುರು, ಇಬ್ಬರು ನರ್ತಕರು

ನೃತ್ಯವನ್ನು ಕುರಿತು ಬರೆಯುವ ನಮ್ಮ ವಿಮರ್ಶಕರು ನರ್ತಕನ ಹಸ್ತವನ್ನು ನೋಡುತ್ತಾರೆ, ಹೆಜ್ಜೆಯನ್ನು ನೋಡುತ್ತಾರೆ, ಕಣ್ಣನ್ನು ನೋಡುತ್ತಾರೆ. ಅವನ ಮನೆಯ ಒಲೆಯನ್ನು ಮಾತ್ರ ನೋಡುವುದಿಲ್ಲ. ಆ ಒಲೆ ಹೇಗೆ ಉರಿಯಿತೆಂಬುದನ್ನು ಬಿಟ್ಟು ಪುರುಷ ನರ್ತಕನ ಕಲೆಯನ್ನು ತೂಗುವುದು ಅರ್ಧ ವಿಮರ್ಶೆಯೆಂದು ನಾವು ತಿಳಿಯುತ್ತೇವೆ.

ಯುರೋಪಿನ ಬ್ಯಾಲೆಯಲ್ಲಿ ಈ ವೃತ್ತಿಗೆ ಮೆಟ್ಟಿಲುಗಳುಂಟು. ಬಾಲಕನು ಹತ್ತು ವರ್ಷದ ಸುಮಾರಿಗೆ ನೃತ್ಯಶಾಲೆಯನ್ನು ಸೇರುತ್ತಾನೆ. ಹದಿನೆಂಟರ ಹೊತ್ತಿಗೆ ಮಂಡಳಿಯ ಸಮೂಹನೃತ್ಯದಲ್ಲಿ ಸಂಬಳಕ್ಕೆ ನಿಲ್ಲುತ್ತಾನೆ. ಯೋಗ್ಯತೆಯಿದ್ದರೆ ಪ್ರಧಾನ ನರ್ತಕನಾಗುತ್ತಾನೆ. ಪ್ಯಾರಿಸ್ ಒಪೆರಾದಲ್ಲಿ 42ನೆಯ ವಯಸ್ಸಿಗೆ ನಿವೃತ್ತಿ. ರುಡಾಲ್ಫ್ ನುರೆಯೆವ್ 1955ರಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ಲೆನಿನ್‌ಗ್ರಾಡಿನ ಶಾಲೆಯನ್ನು ಸೇರಿದುದು ತಡವೆಂದೇ ಎಣಿಕೆ. ಆದರೂ 1958ರಲ್ಲಿ ಕಿರೋವ್ ಮಂಡಳಿ ಆತನಿಗೆ ಸ್ಥಾನ ಕೊಟ್ಟಿತು.

ನಮ್ಮಲ್ಲಿ ಅಂಥ ಮೆಟ್ಟಿಲುಗಳಿರಲಿಲ್ಲ. ಇಂದು ಭರತನಾಟ್ಯವೆನಿಸಿಕೊಂಡಿರುವ ಸದಿರಿನಲ್ಲಿ ಕುಣಿಯುವವಳು ಹೆಣ್ಣು, ತಾಳ ಹಿಡಿದು ನಡೆಸುವ ನಟ್ಟುವನಾರ್ ಗಂಡು. ಅಂಥ ನಟ್ಟುವನಾರರಲ್ಲಿ ಅಗ್ರಗಣ್ಯರಾದ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರ (1869–1954) ಬಳಿ ಬೆಂಗಳೂರಿನ ಇಬ್ಬರು ಪುರುಷರು ಕಲಿತರು: ರಾಮ್ ಗೋಪಾಲ್ ಮತ್ತು ಯು. ಎಸ್. ಕೃಷ್ಣರಾವ್. ಇಬ್ಬರೂ 1912ರಲ್ಲಿ ಹುಟ್ಟಿದವರು. ಗುರು ಒಬ್ಬರೇ; ದಾರಿ ಮಾತ್ರ ಬೇರೆಯಾಯಿತು.

ರಾಮ್ ಗೋಪಾಲರು ಕುಂಜು ಕುರುಪರಿಂದ ಕಥಕಳಿಯನ್ನೂ ಕಲಿತು ರಂಗವನ್ನೇ ನೆಚ್ಚಿ ಹೊರಟರು. 1939ರಲ್ಲಿ ಲಂಡನ್ನು ಅವರನ್ನು ಕಂಡು ಬೆರಗಾಯಿತು. 1960ರಲ್ಲಿ ಬ್ಯಾಲೆಯ ಅಲಿಸಿಯಾ ಮಾರ್ಕೊವಾರೊಡನೆ 'ರಾಧಾಕೃಷ್ಣ'ವನ್ನು ನರ್ತಿಸಿದರು. ಇಂಗ್ಲೆಂಡಿನಲ್ಲಿಯೇ ನೆಲೆಸಿ 2003ರಲ್ಲಿ ತೀರಿಕೊಂಡರು. ಪಾಶ್ಚಾತ್ಯರು ಅವರನ್ನು 'ಭಾರತದ ನಿಜಿನ್‌ಸ್ಕಿ' ಎಂದು ಹೊಗಳಿದರು. ಈ ಹೊಗಳಿಕೆಯನ್ನು ನಾವು ಒಪ್ಪಲಾರೆವು. ನಿಜಿನ್‌ಸ್ಕಿಯ ಬೆನ್ನಿಗೆ ಪೀಟರ್ಸ್‌ಬರ್ಗಿನ ರಾಜಶಾಲೆಯೂ ಸಂಬಳ ಕೊಡುವ ರಂಗಮಂದಿರವೂ ಇದ್ದುವು. ರಾಮ್ ಗೋಪಾಲರಿಗೆ ಅಂಥ ಆಸರೆಯಿರಲಿಲ್ಲ. ಅವರ ಸಾಹಸವೇ ಹಿರಿದು.

ಕೃಷ್ಣರಾಯರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಬೋಧಿಸುತ್ತ, ಪತ್ನಿ ಚಂದ್ರಭಾಗಾದೇವಿಯವರೊಡನೆ ನರ್ತಿಸಿದರು, ಕಲಿಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ನೃತ್ಯವಿಭಾಗಕ್ಕೂ ಮುಖ್ಯಸ್ಥರಾದರು. ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆಂಬ ಮಾತುಂಟು. ಇಲ್ಲಿ ಒಂದು ದೋಣಿಯೇ ಇನ್ನೊಂದನ್ನು ತೇಲಿಸಿತು. ಕಾಲೇಜಿನ ಕೆಲಸವು ಸಾಧನೆಯ ಹೊತ್ತನ್ನು ಕಸಿದಿರಲೇಬೇಕು. ಆದರೆ ಅನ್ನಕ್ಕಾಗಿ ಕಲೆಯನ್ನು ಮಾರುವ ಕಷ್ಟವನ್ನು ಅದೇ ತಪ್ಪಿಸಿತು. ಅವರ ಮನೆಯಲ್ಲಿ ಕಲಿತವರಲ್ಲಿ ಸೋನಾಲ್ ಮಾನ್‌ಸಿಂಗ್ ಒಬ್ಬರು, ಪ್ರತಿಭಾ ಪ್ರಹ್ಲಾದ್ ಇನ್ನೊಬ್ಬರು. ರಂಗದ ಬೆರಗಿನಲ್ಲಿ ರಾಮ್ ಗೋಪಾಲರದೇ ಮೇಲುಗೈ. ಆದರೆ ಬೆರಗು ಮೈಯೊಡನೆ ಮುಪ್ಪಾಗುತ್ತದೆ, ವಿದ್ಯೆ ಶಿಷ್ಯರಲ್ಲಿ ಎಳೆಯದಾಗಿಯೇ ಉಳಿಯುತ್ತದೆ. ಈ ಕಾರಣದಿಂದ ಕೃಷ್ಣರಾಯರ ದಾರಿಯೇ ನಮಗೆ ಹೆಚ್ಚು ಅನುಕರಣೀಯವಾಗಿ ತೋರುತ್ತದೆ.

ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ನಮಗೆ ಈ ವಿಚಾರ ದೂರದ್ದಲ್ಲ. ಪಕ್ಕದ ರಾಯಚೂರು ಸೀಮೆಯ ಬಯಲಾಟದಲ್ಲಿ ಹಗಲು ಹೊಲದಲ್ಲಿ ದುಡಿದ ಗಂಡಸೇ ಇರುಳು ಬಣ್ಣ ಹಚ್ಚಿ ಕುಣಿಯುವುದು ಸಂಪ್ರದಾಯ. ಅವನನ್ನು ಯಾರೂ ಹಳಿಯುವುದಿಲ್ಲ. ಕಾಕತೀಯರ ಕಾಲದ ಜಾಯಪ ಸೇನಾನಿ 13ನೆಯ ಶತಮಾನದಲ್ಲಿಯೇ 'ನೃತ್ತರತ್ನಾವಳಿ'ಯಲ್ಲಿ ಪೇರಣಿಯನ್ನು ವಿವರಿಸಿದ್ದಾನೆ. ನಟರಾಜ ರಾಮಕೃಷ್ಣರು (1923–2011) ಅದನ್ನು ಪುರುಷರ ನೃತ್ಯವಾಗಿ ಮತ್ತೆ ರಂಗಕ್ಕೆ ತಂದರು. ಹೀಗಿದ್ದೂ ಶಾಲೆಯ ಹುಡುಗನೊಬ್ಬ ಗೆಜ್ಜೆ ಕಟ್ಟುತ್ತೇನೆಂದರೆ ಹಿರಿಯರು ಹುಬ್ಬು ಗಂಟಿಕ್ಕುವುದೇಕೆ?

ಅಂಥ ಹುಡುಗನನ್ನು ಉಪಾಧ್ಯಾಯರು ಗದರಿಸದಿರಲಿ, ಬರಿಯ ಚಪ್ಪಾಳೆಯಿಂದ ಉಬ್ಬಿಸದೆಯೂ ಇರಲಿ. ಮೂರು ಪ್ರಶ್ನೆಗಳನ್ನು ಕೇಳಲಿ: ನಿನ್ನ ಗುರು ಯಾರು? ನಿನ್ನ ಅನ್ನ ಎಲ್ಲಿಂದ? ಮೈ ಸೋತಾಗ ಯಾರಿಗೆ ಕಲಿಸುವೆ? ಉತ್ತರವನ್ನು ಹುಡುಕಲು ಅವನ ಜೊತೆಗೆ ನಿಲ್ಲುವುದೂ ಉಪಾಧ್ಯಾಯರ ಕೆಲಸವೇ.